ಐದನೆಯ ಮನೆಯ ಮಸಿಯರಿವೆ

ನನಗಾಗ ಒಂಬತ್ತು ವರ್ಷ. ಅರವತ್ತು ವರ್ಷದ ಮೇಲಾಯಿತು. ಆಗೆಲ್ಲ ಯಾರ ಮನೆಗೆ ಬಾಣಂತಿ ಬಂದಳೆಂದು ಓಣಿಗೆ ವಾಸನೆಯಿಂದಲೇ ಗೊತ್ತಾಗುತ್ತಿತ್ತು: ತುಪ್ಪದಲ್ಲಿ ಹುರಿದ ಅಂಟು, ಕುದಿಯುವ ಅಳವಿ ಪಾಯಸ, ಹೊರಸಿನ ಕೆಳಗೆ ಕೆಂಡ, ಅದರ ಮೇಲೆ ಲೋಬಾನ. ನಿಮಗೆ ಅದು ಸಿಹಿ ನೆನಪಿದ್ದೀತು. ನನಗೆ ಈಗಲೂ ಆ ವಾಸನೆ ಬಂದರೆ ತಲೆ ತಗ್ಗುತ್ತದೆ.

ನನ್ನ ಬೆನ್ನಿಗೆ ಅವ್ವನಿಗೆ ಎರಡು ಗಂಡು ಹುಟ್ಟಿ ತಿಂಗಳೊಳಗೇ ಹೋಗಿದ್ದವು. ಎರಡೂ ಮನೆಯಲ್ಲೇ ಹುಟ್ಟಿದವು. ಅದಕ್ಕೇ ಈ ಸಲ ಅಪ್ಪ ಹಟ ಹಿಡಿದು ನಿಪ್ಪಾಣಿಯ ದವಾಖಾನೆಗೆ ಸೇರಿಸಿದ. ತಮ್ಮ ಹುಟ್ಟಿದ. ವಾರದ ಮೇಲೆ ಅವ್ವ, ಅಪ್ಪನ ತಾಯಿ ಆಯಿ, ನಾನು ಕೂಸನ್ನೆತ್ತಿಕೊಂಡು ಬಸ್ಸಿನಲ್ಲಿ ಬೋರಗಾಂವಿಗೆ ಬಂದೆವು. ಊರ ಹೆಬ್ಬಾಗಿಲು, ಅಗಸಿಯ ಹೊರಗೆ ಆಯಿ ಅವ್ವನನ್ನು ಕಟ್ಟೆಯ ಮೇಲೆ ಕೂರಿಸಿಬಿಟ್ಟಳು. ಒಳಗೆ ಬಿಡಲಿಲ್ಲ.

ಮಕ್ಕಳು ಉಳಿಯದ ಮನೆಯ ಕೂಸಿಗೆ ಐದು ಮನೆ ಬೇಡಿ ತಂದ ಹಳೇ ಅರಿವೆ ಹೊದಿಸಿಯೇ ಊರೊಳಗೆ ತರಬೇಕು. ಭಿಕ್ಷೆಯ ಕೂಸು ಸಾವಿಗೂ ಬೇಡವಾಗುತ್ತದೆ ಎಂಬ ನಂಬಿಕೆ. ಬೇಡಬೇಕಾದವಳು ಬದುಕಿ ಉಳಿದ ಅಕ್ಕ. ಯಾಕೆಂದು ಬಾಯಿ ಬಿಡಬಾರದು. ಅಗಸಿಯಿಂದ ಸಾಲು ಹಿಡಿದು ಹೋಗಬೇಕು, ಒಂದು ಬಾಗಿಲೂ ಬಿಡಬಾರದು. ಅರಿವೆ ಪುಕ್ಕಟೆ ಬಂದದ್ದಾಗಿರಬೇಕು.

ಐದನೆಯದು ಶಾಂತಿಯ ಮನೆ. ಶಾಂತಿ ಸಾಲೆಯಲ್ಲಿ ನನ್ನ ಪಕ್ಕ ಕೂರುವವಳು.

“ಶಾಂತಿ ಮನಿಗೆ ನಾ ಹೋಗಂಗಿಲ್ಲಬೇ ಆಯಿ.”

“ಹೋಗಂಗಿಲ್ಲ? ಹಂಗಾದ್ರ ಹಸಿ ಬಾಣಂತಿ ಕಿವ್ಯಾಗ ಗಾಳಿ ಹೋಗಲಿ, ಕೂಸು ಇಲ್ಲೇ ಬೀಳಲಿ. ನೀ ರಾಣಿ ಹಂಗ ನಿಂದರು.”

ಅವ್ವ ಕಿವಿಗೆ ಅರಳೆ ತುರುಕಿ, ತಲೆಗೆ ಸೆರಗು ಬಿಗಿದು ನಡುಗುತ್ತಿದ್ದಳು. ಕುಪ್ಪಸ ಹಾಲಿಗೆ ತೊಯ್ದಿತ್ತು. ಹೊತ್ತು ಇಳಿಯುತ್ತಿತ್ತು.

ಮೊದಲ ನಾಲ್ಕು ಮನೆಯವರು ಪದ್ಧತಿ ತಿಳಿದವರು. ನಾನು ಲಂಗದ ಉಡಿ ಒಡ್ಡಿದ್ದನ್ನು ನೋಡಿ, ಏನೂ ಕೇಳದೆ ಧೋತರದ ತುಂಡು, ಹರಕು ಸೀರೆ ಹಾಕಿದರು. ಒಬ್ಬ ಮುದುಕಿ, “ಓಡ ಓಡ, ಬಾಣಂತಿ ಹಾದಿ ಕಾಯತಾಳ” ಎಂದು ನಕ್ಕಳು.

ಶಾಂತಿಯ ಮನೆಯಲ್ಲಿ ಹಿರಿಯರು ಹೊಲಕ್ಕೆ ಹೋಗಿದ್ದರು. ಗಡಿಯಾಚೆಯ ಪೇಟೆಯಿಂದ ಬಂದ ಹೊಸ ಸೊಸೆ, ಶಾಂತಿಯ ಅಣ್ಣನ ಹೆಂಡತಿ ವೈನಿ, ಹೊಸ್ತಿಲಲ್ಲಿ ಶಾಂತಿಗೆ ಹೆರಳು ಹಾಕುತ್ತಿದ್ದಳು.

“ಹಳೇ ಅರಿವಿ ಭಿಕ್ಷಾ ನೀಡ್ರಿ.”

“ಕೈಕಾಲು ಗಟ್ಟಿ ಅದಾವ, ಬೇಡಾಕ ನಾಚಿಕಿ ಬರೂದಿಲ್ಲೇನ ಗ ಪೋರಿ? ಶಾಂತೆ, ಯಾರ ಮಗಳ ಇಕಿ?”

ಶಾಂತಿ ನನ್ನ ಮುಖ ನೋಡಿದಳು. ಅವ್ವನನ್ನು ಕರೆತರಲು ಹೋಗುವ ಹಿಂದಿನ ದಿನವಷ್ಟೇ, ಬಾಣಂತಿಗೆಂದು ಮಾಡಿಟ್ಟದ್ದರಲ್ಲಿ ನಾನು ಕದ್ದು ಒಯ್ದ ಅಂಟಿನ ಉಂಡೆಯನ್ನು ಇಬ್ಬರೂ ಕಚ್ಚಿ ತಿಂದಿದ್ದೆವು.

“ಗೊತ್ತಿಲ್ಲ ವೈನಿ” ಎಂದಳು.

ವೈನಿ ಕಸಬರಿಗೆ ತೋರಿಸಿದಳು. “ಅಂಗಳ ಉಡುಗು. ಆಮ್ಯಾಲೆ ಅರಿವಿ ಕೊಡತೀನಿ.”

ಉಡುಗುವುದು ನನಗೇನು ಭಾರ? ಆದರೆ ಉಡುಗಿದರೆ ಅದು ಕೂಲಿ, ಭಿಕ್ಷೆಯಾಗುವುದಿಲ್ಲ. ಇಷ್ಟು ಹೇಳಲೂ ಬಾಯಿ ಬಿಡುವಂತಿಲ್ಲ.

“ಉಡುಗೂದಿಲ್ರಿ. ಹಂಗ ಕೊಡ್ರಿ.”

“ಅಬಬ, ಸೊಕ್ಕ ನೋಡ ಇದರದು! ಮೈಗಳ್ಳಿ! ನಡಿ ಅತ್ತಾಗ!”

ನಾನು ಕದಲಲಿಲ್ಲ. ಉಡಿ ಒಡ್ಡಿಕೊಂಡೇ ನಿಂತೆ. ಹಾದಿಯಲ್ಲಿ ಹೋಗುವವರು ನಿಂತು ನೋಡಿದರು. ಶಾಂತಿ ಅರ್ಧ ಹೆರಳಿನಲ್ಲೇ ಎದ್ದು ಒಳಗೆ ಹೋದಳು. ಕೊನೆಗೆ ವೈನಿ ಬೇಸತ್ತು, ಬಿಸಿ ಪಾತ್ರೆ ಹಿಡಿಯುವ ಮಸಿಯರಿವೆ ತಂದು ನನ್ನ ಕಾಲ ಬಳಿ ಒಗೆದಳು. ಬಗ್ಗಿ ಎತ್ತಿಕೊಂಡೆ.

ಆಯಿ ಅದನ್ನು ತಿರುವಿ ನೋಡಿ, “ಮಸಿ ಐತಿ, ಛಲೋನ ಆತು, ದೃಷ್ಟಿ ತಾಗೂದಿಲ್ಲ” ಎಂದು ಎಲ್ಲಕ್ಕಿಂತ ಮೇಲೆ ಹೊದಿಸಿದಳು.

“ಯಾರರ ಏನರ ಅಂದ್ರೇನವಾ?” ಅವ್ವ ಕೇಳಿದಳು.

“ಇಲ್ಲಬೇ.”

ಮನೆ ಬಾಗಿಲಲ್ಲಿ ರೊಟ್ಟಿಯ ತುಣುಕು, ನೀರು ನಿವಾಳಿಸಿ ಚೆಲ್ಲಿ ತಾಯಿ ಮಗನನ್ನು ಒಳಗೆ ಕರೆದುಕೊಂಡರು.

ತಮ್ಮ ಉಳಿದ. ಅರಿವೆಯಿಂದ ಉಳಿದನೋ ದವಾಖಾನೆಯ ಸೂಜಿಯಿಂದ ಉಳಿದನೋ, ನನಗೆ ತಿಳಿಯದು. ಮೊನ್ನೆ ಅವನ ಮಗಳು ಹಡೆದು ಬಂದಳು. ಜೀಪು ನೇರ ಮನೆ ಮುಂದೆ ನಿಂತಿತು, ಕೂಸಿಗೆ ಹೊಸ ಟೋಪಿ, ಹೊಸ ಕಾಲುಚೀಲ. ಅಗಸಿಯೇ ಈಗ ಇಲ್ಲ, ರಸ್ತೆಗೆ ಹೋಯಿತು. ಆ ಪದ್ಧತಿ ಹೋದದ್ದಕ್ಕೆ ನನಗೆ ಮರುಕವಿಲ್ಲ. ಹೋಗಲಿ. ನನಗೆ ಹೋದದ್ದು ಬೇರೆ. ಇವತ್ತಿಗೂ ನಾನು ಬೆರಳಿಟ್ಟು ಅಕ್ಷರ ಕೂಡಿಸಿ ಓದುತ್ತೇನೆ, ಒತ್ತಕ್ಷರ ಬಂದರೆ ಬಿಟ್ಟು ಮುಂದೆ ಹೋಗುತ್ತೇನೆ. ನಾಚಿಕೆ ಪಡುವಂಥದ್ದು ನಾನೇನೂ ಮಾಡಿರಲಿಲ್ಲ. ಆದರೂ ನಾಚಿಕೆ ನನಗೇ ಅಂಟಿತು.

ಭಿಕ್ಷೆ ಬೇಡಿದ ಮರುದಿನ ಬೆಳಿಗ್ಗೆ ಶಾಂತಿ ಏನೂ ಆಗಿಲ್ಲದವರಂತೆ ಬಂದು, “ಬಾರೇ, ಸಾಲಿಗೆ ಹೊತ್ತಾತು” ಎಂದು ಬಾಗಿಲಲ್ಲಿ ಕೂಗಿದಳು. ನಾನು ಅವ್ವನ ಹೊರಸಿನ ಕೆಳಗೆ ಕೆಂಡ ಊದುತ್ತಿದ್ದೆ. “ಮನ್ಯಾಗ ಇಲ್ಲ ಅನ್ನಬೇ” ಎಂದು ಆಯಿಗೆ ಹೇಳಿ, ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಓಣಿಯ ಹೆಂಗಸರ ಹಿಂದೆ ತಂಬಾಕಿನ ವಖಾರಿಯ ಕೂಲಿಗೆ ಹೋದೆ.