ಸ್ವಂತ ಕೋರಿಕೆಯ ಮೇರೆಗೆ ಬಿಡುಗಡೆ

ನಮ್ಮ ಕಾಕಾಗೆ, ಅಂದರೆ ಅಪ್ಪನ ತಮ್ಮನಿಗೆ, ಮಾಜಿ ಸೈನಿಕರ ಗುರುತಿನ ಚೀಟಿ ಬೇಕಾಗಿತ್ತು. ಸೈನ್ಯ ಬಿಟ್ಟು ದಶಕಗಳೇ ಆಗಿದ್ದರೂ ಅವನು ಅದರ ಮಾತು ಎತ್ತಿದವನಲ್ಲ. ಕಳೆದ ವರ್ಷ ಅವನು ತರಬೇತಿ ಪಡೆದ ಕೇಂದ್ರದಲ್ಲಿ ಹಳಬರ ಕೂಟ ಏರ್ಪಾಡಾಯಿತು. ಒಳಗೆ ಹೋಗಲು ಆ ಚೀಟಿ ತೋರಿಸಬೇಕು. ಸುದ್ದಿ ತಂದವನು ಅವನ ಗೆಳೆಯ. ಇಬ್ಬರೂ ಹುನ್ನೂರಿನವರು, ಒಂದೇ ದಿನ ಭರ್ತಿಯಾದವರು. ಗೆಳೆಯ ಗಡಿಯ ಕಾಳಗವನ್ನೂ ನೋಡಿ, ಪೂರ್ತಿ ಅವಧಿ ಮುಗಿಸಿ, ಪಿಂಚಣಿ ಪಡೆದು ಬಂದ. ಕಾಕಾ ನಡುವೆಯೇ ಬಿಟ್ಟು ಬಂದ.

"ನೀನೂ ಕಾರ್ಡ್ ಮಾಡಿಸ್ಕೊಳ್ಳಲೇ. ಕೂಡೇ ಹೋಗೂಣು," ಎಂದ ಗೆಳೆಯ.

"ನನಗ್ಯಾರ ಕೊಡ್ತಾರ? ನೀ ಗುಂಡಿನ ಸಪ್ಪಳ ಕೇಳಿದಾಂವ. ನಾ ಬರೇ ಸೊಳ್ಳಿ ಹೊಡದಾಂವ."

"ಸೊಳ್ಳೀನರ ಬರೋಬ್ಬರಿ ಹೊಡದಿಯೇನು? ಮುಂಜಾನಿ ಎದ್ದರ ನಿನ್ನ ಮಾರಿ ಬಾತಿರ್ತಿತ್ತು."

ಕಾಕಾ ಇದ್ದ ವರ್ಷಗಳಲ್ಲಿ ಯುದ್ಧ ನಡೆಯಲಿಲ್ಲ. ಅವನು ಮದ್ದುಗುಂಡಿನ ಉಗ್ರಾಣ ಕಾದ, ಮಂಜು ಸರಿಸಿದ, ರಸ್ತೆ ಕಡಿದ. ಯುದ್ಧ ನೋಡದವನು ಎಂಥ ಸೈನಿಕ ಎಂದು ಊರಿನವರು ಚೇಷ್ಟೆ ಮಾಡುತ್ತಿದ್ದರು. ಅವರದು ಚೇಷ್ಟೆ, ಕಾಕಾ ಮಾತ್ರ ಅದನ್ನು ನಂಬಿಬಿಟ್ಟಿದ್ದ.

ನಾನು ಜಮಖಂಡಿಯಿಂದ ಪತ್ರಿಕೆಗೆ ವರದಿ ಬರೆಯುವವಳು. ಕೇಳಿದ್ದನ್ನು ಇನ್ನೊಬ್ಬರ ಹತ್ತಿರ ಖಚಿತ ಮಾಡಿಕೊಳ್ಳದೆ ಬರೆಯುವುದಿಲ್ಲ. ಕಾಕಾ ಸೈನ್ಯ ಬಿಟ್ಟ ಸಂಗತಿಗೆ ಅದು ಬೇಕಿಲ್ಲ. ಅದನ್ನು ನಾನೇ ಕಂಡಿದ್ದೇನೆ.

ನಾನು ಎರಡನೇ ಇಯತ್ತೆಯಲ್ಲಿದ್ದಾಗ ತುಬಚಿ ಕಡೆ ಹೊಲದಲ್ಲಿ ಕುರಿ ತರುಬಿ ಕಾಯುತ್ತಿದ್ದ ಅಪ್ಪ ಸಿಡಿಲು ಬಡಿದು ಸತ್ತ. ಕಾಕಾ ರಜೆ ಹಾಕಿ ಬಂದ. ಕರ್ಮಗಳು ಮುಗಿದ ದಿನ ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಪಡಸಾಲೆಯಲ್ಲಿ ಕರಿ ಕಂಬಳಿ ಹಾಸಿ, ಬೀರೇಶ್ವರನ ಭಂಡಾರವನ್ನು, ಅಂದರೆ ದೇವರ ಅರಿಶಿನವನ್ನು, ತಾಟಿನಲ್ಲಿಟ್ಟು ತರುತ್ತಾರೆ. ಕುರಿಯನ್ನೂ ಮನೆಯನ್ನೂ ನೋಡಿಕೊಳ್ಳುವವನು ಕಂಬಳಿಯ ಮೇಲೆ ಕೂತು ಅದನ್ನು ಮುಷ್ಟಿಯಲ್ಲಿ ಹಿಡಿಯಬೇಕು. ಹಿಡಿದರೆ ಮಾತು ಕೊಟ್ಟಂತೆ. ಆಮೇಲೆ ಆ ಮಾತು ತಿರುಗುವುದಿಲ್ಲ.

ಅಜ್ಜಿ ತಾಟು ತಂದು ಕಾಕಾನ ಮುಂದೆ ಇಟ್ಟಳು. ನಿನಗೆ ಒಪ್ಪಿಗೆಯೇ ಎಂದು ಯಾರೂ ಕೇಳಲಿಲ್ಲ. ಅವ್ವ ತೊಡೆಯ ಮೇಲೆ ತಮ್ಮನನ್ನು ಹಾಕಿಕೊಂಡು ಬಾಗಿಲ ಮರೆಯಲ್ಲಿ ಕೂತಿದ್ದಳು. ಕಾಕಾನ ತಲೆಗೂದಲು ಇನ್ನೂ ಮಿಲಿಟರಿ ಕಟಿಂಗಿನಲ್ಲೇ ಇತ್ತು. ಅವನು ಅವ್ವನ ಕಡೆ ಒಮ್ಮೆ ನೋಡಿ, ಕೈ ಚಾಚಿ, ಭಂಡಾರ ಹಿಡಿದ. ರಜೆ ಮುಗಿಸಿ ಹೋಗಿ ಅರ್ಜಿ ಕೊಟ್ಟು ಬಿಡುಗಡೆ ಪಡೆದು ಬಂದ.

ಅದಕ್ಕೂ ಮೊದಲು ವರ್ಷಕ್ಕೊಮ್ಮೆ ರಜೆಗೆ ಬರುತ್ತಿದ್ದ ಕಾಕಾ ಬೇರೆಯೇ ಇದ್ದ. ದೊಡ್ಡ ದನಿಯಲ್ಲಿ ಹಿಂದಿ ಹಾಡು ಹೇಳುತ್ತಿದ್ದ. ನನ್ನನ್ನು ಅಂಗಳದಲ್ಲಿ ನಿಲ್ಲಿಸಿ ಸಲಾಮು ಹೊಡೆಯಲು ಕಲಿಸುತ್ತಿದ್ದ. ಕಾಯಂ ಮನೆಗೆ ಬಂದವನು ಕುರಿ ಕಾದ, ನನ್ನನ್ನು ರಬಕವಿಯಲ್ಲಿ ಇಟ್ಟು ಓದಿಸಿದ, ತಮ್ಮನನ್ನು ನೌಕರಿಗೆ ಹಚ್ಚಿದ. ಆದರೆ ರಜೆಗೆ ಬರುತ್ತಿದ್ದ ಆ ಕಾಕಾ ಮತ್ತೆ ಬರಲಿಲ್ಲ. ಇಷ್ಟು ವಯಸ್ಸಾದರೂ ನಾನು ಅವನ ದಾರಿ ಕಾಯುವುದು ಬಿಟ್ಟಿಲ್ಲ.

ಗೆಳೆಯ ಬಂದು ಹೋದ ವಾರವೇ ನಾವಿಬ್ಬರೂ ಬೀಳಗಿ ಮೇಲೆ ಹಾಯ್ದು ಹೋಗುವ ಬಸ್ಸು ಹಿಡಿದು ಜಿಲ್ಲಾ ಕೇಂದ್ರದ ಸೈನಿಕ ಕಲ್ಯಾಣ ಕಚೇರಿಗೆ ಹೋದೆವು. ಮೇಜಿನ ಆಚೆ ಇದ್ದ ಗುಮಾಸ್ತರು ಸ್ವತಃ ನಿವೃತ್ತ ಹವಾಲ್ದಾರರು. ಕಾಕಾ ಕುರ್ಚಿಯ ತುದಿಯಲ್ಲಿ ಕೂತು, ಅವರು ಕೇಳುವ ಮೊದಲೇ ಹೇಳಿಬಿಟ್ಟ.

"ಸಾಹೇಬ್ರ, ನಾ ಯಾವ ಯುದ್ಧಕ್ಕೂ ಹೋದಾಂವಲ್ರಿ."

"ಯುದ್ಧದ ಮಾತ ಯಾರ ತಗದಾರಿ? ಶಾಂತಿ ಕಾಲದಾಗ ಮಾಡಿದ್ದೂ ನೌಕರೀನರಿ. ನಾನೂ ಗುಂಡ ಹಾರಿಸಿದ್ದು ಬರೇ ಚಾಂದಮಾರಿ ತಾಲೀಮಿನೊಳಗ, ಅದೂ ಗುರಿ ತಪ್ಪಿ."

ಕಾಕಾ ನಕ್ಕ. ಹಿಂದಕ್ಕೆ ಸರಿದು ಕುರ್ಚಿಗೆ ಬೆನ್ನು ಆನಿಸಿದ. ಇಷ್ಟು ವರ್ಷ ತನ್ನನ್ನು ಹೊರಗಿಟ್ಟಿದೆ ಎಂದು ಅವನು ನಂಬಿದ್ದ ಆ ಕಾರಣ ಒಂದೇ ಮಾತಿನಲ್ಲಿ ಬಿದ್ದುಹೋಗಿತ್ತು.

ಗುಮಾಸ್ತರು ಅವನ ಬಿಡುಗಡೆ ಪುಸ್ತಕ ತೆರೆದು ಓದಿದರು. ಓದುತ್ತಾ ಅವರ ದನಿ ಇಳಿಯಿತು.

"ಯಜಮಾನ್ರ, ಪಿಂಚಣಿ ಆಗೂಕಿಂತ ಮೊದಲ ಬಿಟ್ಟೀರಿ. ಸ್ವಂತ ಕೋರಿಕೆ ಮ್ಯಾಲ ಅಂತ ಬರದಾರ. ಹಂಗ ಬಿಟ್ಟಾವರು ಮಾಜಿ ಸೈನಿಕರ ಲೆಕ್ಕಕ್ಕ ಬರೂದಿಲ್ರಿ. ಸೈನ್ಯಾನ ಮಂದಿ ಕಡಿಮಿ ಮಾಡಿ ಕಳಿಸಿದ್ರ ಬ್ಯಾರೆ. ಸೇವಾದಾಗ ಪೆಟ್ಟಾಗಿ, ಜಡ್ಡಾಗಿ ಕಳಿಸಿದ್ರೂ ಬ್ಯಾರೆ. ನಿಮಗ ಏನರ ಜಡ್ಡ ಇತ್ತೇನ್ರಿ?"

"ಇಲ್ರಿ. ಗಟ್ಟಿ ಇದ್ದೆ."

"ಮತ್ತ್ಯಾಕ ಬಿಟ್ರಿ?"

"ನನ್ನ ಖುಷೀಲೆ ಬಿಟ್ಟೆನ್ರಿ."

"ಅವರ ಖುಷಿ ಅಲ್ರಿ ಅದು," ನಾನು ನಡುವೆ ಬಾಯಿ ಹಾಕಿದೆ. "ನಮ್ಮಪ್ಪ ತೀರಿಕೊಂಡಾಗ..."

"ನೀ ಸುಮ್ಮನಿರ ಬೇ," ಎಂದ ಕಾಕಾ, ನನ್ನ ಕಡೆ ನೋಡದೆ.

ಗುಮಾಸ್ತರು ಪುಸ್ತಕ ಮುಚ್ಚಿ ಎರಡೂ ಕೈಯಿಂದ ಅವನಿಗೆ ಕೊಟ್ಟರು. "ಕಾರಣ ಏನ ಇರವಲ್ದ್ಯಾಕ ತಂಗಿ, ನಿಯಮ ಇದ. ನನ್ನ ಕೈಯಾಗಿದ್ದಿದ್ರ ಇವತ್ತ ಬರದ ಕೊಡ್ತಿದ್ದೆ." ಅವರ ಮಾತು ನಿಜ. ಆಮೇಲೆ ನಾನು ಬೇರೆ ಇಬ್ಬರು ಅಧಿಕಾರಿಗಳ ಹತ್ತಿರ ವಿಚಾರಿಸಿದೆ. ಮನೆಯ ಕಷ್ಟಕ್ಕೆ ಬಿಟ್ಟರೂ ಅದು ಸ್ವಂತ ಕೋರಿಕೆಯೇ.

ಬರುವಾಗ ಬೀಳಗಿಯಲ್ಲಿ ಬಸ್ಸು ನಿಂತಿತು. ಇಳಿದು ಚಹಾ ತೆಗೆದುಕೊಂಡೆವು.

"ಯಾಕ ಸುಮ್ಮನ ಮಾಡಿದಿ ಕಾಕಾ? ಖರೇನ ಹೇಳಾಕತ್ತಿದ್ದೆನಲ್ಲ."

"ಏನ ಖರೆ? ನಮ್ಮವ್ವ ಬಿಡಿಸಿದಳು, ನಿಮ್ಮವ್ವ ಬಿಡಿಸಿದಳು ಅಂತ ಪರ ಊರಾಗ ಕುಂತ ಹೇಳ್ಲೇನು? ಭಂಡಾರ ಹಿಡದದ್ದು ನನ್ನ ಕೈ." ಒಂದು ಗುಟುಕು ಕುಡಿದು ಮತ್ತೆ ಹೇಳಿದ, "ಆದ್ರ ಒಂದ ಸಲ ಆ ಪರೇಡ್ ಮೈದಾನ ನೋಡಬೇಕಿತ್ತು."

ಗೆಳೆಯ ಸುಲಭಕ್ಕೆ ಬಿಡುವವನಲ್ಲ. ಮರುದಿನವೇ ಅವನನ್ನು ಅತಿಥಿಯಾಗಿ ಒಳಗೆ ಕರೆದೊಯ್ಯುವ ಹೊಸ ಉಪಾಯ ತಂದ. "ಒಬ್ಬೊಬ್ಬರು ಒಬ್ಬ ಪಾವಣ್ಯಾನ ಕರಕೊಂಡ ಬರಬಹುದಂತ. ನನ್ನ ಪಾವಣ್ಯಾ ಅಂತ ಹೆಸರ ಹಚ್ಚತೀನಿ. ಊಟಾನೂ ಛಲೋ ಇರತೈತಿ."

"ಅಲ್ಲಿಗೆ ನಾ ಪಾವಣ್ಯಾ ಆಗಿ ಹೋಗ್ಲೇನಲೇ?"

ಕೂಟಕ್ಕೆ ಗೆಳೆಯನೊಬ್ಬನೇ ಹೋದ.

ಆ ದಿನ ನಾನು ಬೇಕೆಂದೇ ಹುನ್ನೂರಿಗೆ ಹೋಗಿದ್ದೆ. ಬಿಸಿಲೇರುವ ಹೊತ್ತಿಗೆ ಕಾಕಾನ ಫೋನು ರಿಂಗಾಯಿತು. ಗೆಳೆಯ ಪರೇಡ್ ಮೈದಾನದಲ್ಲಿದ್ದ. ನನಗೂ ಕೇಳಲೆಂದು ಸ್ಪೀಕರ್ ಹಚ್ಚಲು ಕೈ ಚಾಚಿದೆ. ಕಾಕಾ ಫೋನನ್ನು ಇನ್ನೊಂದು ಕಿವಿಗೆ ದಾಟಿಸಿ ಕಟ್ಟೆಯಿಂದ ಎದ್ದು ನಿಂತ.

"ನೀರಿನ ಟಾಕಿ ಬಾಜೂಕ ಬೇವಿನ ಗಿಡ ಇತ್ತಲ್ಲ, ಐತೇನಲೇ? ... ಐತಿ? ... ಅದರ ಬುಡಕ್ಕ ಹೋಗು."

ಆ ಕಡೆಯವನು ನಡೆದು ಹೋಗುವಷ್ಟು ಹೊತ್ತು ಕಾಕಾ ಕಾದ.

"ಮುಟ್ಟಿದಿ? ... ಇನ್ನ ಮಾತಾಡಬ್ಯಾಡ. ಸ್ವಲ್ಪ ಹೊತ್ತ ಅಲ್ಲೇ ನಿಂದರು, ಮೈದಾನದ ಸಪ್ಪಳ ಕೇಳಲಿ."

ಕಾಕಾ ಕಣ್ಣು ಮುಚ್ಚಿ, ಫೋನನ್ನು ಕಿವಿಗೆ ಒತ್ತಿ ಹಿಡಿದು, ನೆಟ್ಟಗೆ ನಿಂತೇ ಇದ್ದ.