ಬಿಚ್ಚದೆ ಬಿಟ್ಟ ಗೋಪುರ

ಕೌಸಲ್ಯಾ ಟೀಚರಿಗೆ 2006-07ರ ಒಂಬತ್ತು ತಿಂಗಳ ಸಂಬಳ ಇನ್ನೂ ಬರಬೇಕು. ಕೊಚ್ಚಿಯ ಮಟ್ಟಾಂಚೇರಿಯ ಒಂದು ವೃತ್ತಿ ತರಬೇತಿ ಶಾಲೆಯಲ್ಲಿ ಹುಡುಗಿಯರಿಗೆ ಕಸೂತಿ, ಬಾಟಿಕ್ ಕಲಿಸುವುದು ಅವಳ ಕೆಲಸ. ಧಾರವಾಡದವಳು. ಗಂಡನ ವರ್ಗಾವಣೆಯ ಹಿಂದೆ ಕೊಚ್ಚಿಗೆ ಬಂದಳು. ಗಂಡ ತೀರಿಕೊಂಡ ಮೇಲೂ ಬಾಡಿಗೆ ಮನೆ ಬಿಡಲಿಲ್ಲ. ಮಾತೆಲ್ಲ ಮಲಯಾಳಕ್ಕೆ ಹೊರಳಿತ್ತು, ಧಾಟಿ, ಬೈಗುಳ ಮಾತ್ರ ಧಾರವಾಡದ್ದೇ.

ಶಾಲೆ ಹೊಸ ಬಟ್ಟೆ ಕೊಡುತ್ತಿರಲಿಲ್ಲ. ಪರೀಕ್ಷೆ ಮುಗಿದ ಮೇಲೆ, ಹುಡುಗಿಯರು ವರ್ಷವಿಡೀ ಹಾಕಿದ ಕಸೂತಿಯನ್ನು ಟೀಚರೇ ಕೂತು ಬಿಚ್ಚಬೇಕು. ಅದೇ ಬಟ್ಟೆ ಮುಂದಿನ ತಂಡಕ್ಕೆ. ಕಸೂತಿಗೆ ಗಂಟು ಹಾಕುವಂತಿಲ್ಲ, ಹಿಂದೆ ಮುಂದೆ ಒಂದೇ ಥರ ಕಾಣಬೇಕು. ಹಾಗಾಗಿ ತುದಿಯೊಂದು ಸಿಕ್ಕರೆ ಸಾಕು, ಬಿಚ್ಚಿಕೊಳ್ಳುತ್ತದೆ. ವರ್ಷದ ಕೆಲಸ ಮಾಯ. ಟೀಚರಿಗೆ ಉಳಿಯುತ್ತಿದ್ದದ್ದು ಕಣ್ಣುರಿ, ಸೊಂಟನೋವು.

ಆ ವರ್ಷ ಸುಮಯ್ಯಾ ಎಂಬ ಹುಡುಗಿ ಕಸೂತಿಯಲ್ಲಿ ಹಾಕಿದ್ದ ಗೋಪುರ ಮಾತ್ರ ಎಷ್ಟು ಎಳೆದರೂ ಜಪ್ಪಯ್ಯ ಅನ್ನಲಿಲ್ಲ. ಹೊರಳಿಸಿ ನೋಡಿದರೆ ಬಟ್ಟೆಯ ಬೆನ್ನ ತುಂಬ ಗಂಟು. ಹುಡುಗಿಯನ್ನು ಕರೆಸಿದಳು.

"ಏನಿದು? ಇದಕ್ಕಽ ನಿನ್ನ ಮಾರ್ಕು ಹೋಗ್ಯಾವ."

"ಗೊತ್ತು ಟೀಚರೇ. ಹೋಗಲಿ. ನನ್ನ ಅಕ್ಕನದ್ದನ್ನೂ ನೀವು ಬಿಚ್ಚಿದಿರಿ. ತಿರುವನಂತಪುರದ ಚಾಲೈ ಬಜಾರಿನಲ್ಲಿ ಒಂದು ಅಂಗಡಿಯವರು ಕೈಕೆಲಸ ತಂದು ತೋರಿಸು ಅಂದಿದ್ದಾರೆ. ಬರಿಗೈ ತೋರಿಸಲೇ?"

ಕೌಸಲ್ಯಾ ಕತ್ತರಿ ಕೆಳಗಿಟ್ಟಳು. "ತಗೊಂಡು ಹೋಗು. ಬೆನ್ನು ತೋರಿಸಬ್ಯಾಡ ಮತ್ತ."

ಗುಮಾಸ್ತ ವಿನ್ಸೆಂಟ್ ಬಂದು ಬಟ್ಟೆ ಎಣಿಸಿದ. "ಒಂದು ಕಡಿಮೆ, ಟೀಚರೇ. ಸಂಬಳದಲ್ಲಿ ಹಿಡೀತಾರೆ."

"ಯಾವ ಸಂಬಳದಾಗ, ವಿನ್ಸೆಂಟ್?"

ಅವನಿಗೂ ನಗು ಬಂತು. ನಗುತ್ತಲೇ ಬರೆದುಕೊಂಡ.

ಅದೇ ನೆಪವಾಯಿತು. ಸಂಬಳ ಕೇಳಲು ಹೋದವಳನ್ನು ತಿರುವನಂತಪುರದ ಮುಖ್ಯ ಕಚೇರಿಯಲ್ಲಿ ಸಂಜೆತನಕ ಬೆಂಚಿನ ಮೇಲೆ ಕೂರಿಸಿ, ಬಟ್ಟೆಯ ಲೆಕ್ಕ ಸರಿಹೋಗದೆ ಸಂಬಳವಿಲ್ಲ ಅಂದರು. ಬಟ್ಟೆ ನಾನೇ ಕೊಂಡು ಕೊಡುತ್ತೇನೆ ಅಂದಳು. ಅದಕ್ಕೆ ನಿಯಮವಿಲ್ಲವಂತೆ.

ಕಾಲೆಳೆದುಕೊಂಡು ಚಾಲೈ ಕಡೆ ಬಂದಳು. ಅಂಗಡಿಯ ಹಿಂಬದಿಯಲ್ಲಿ ಸುಮಯ್ಯಾ ಯಾರದೋ ಮದುವೆ ಸೀರೆಗೆ ಕಸೂತಿ ಹಾಕುತ್ತಿದ್ದಳು.

"ಟೀಚರೇ! ಚಾಯ ತರಿಸಲೇ?"

"ಮೊದಲು ಕೂಡ್ಲಿಕ್ಕೆ ಜಾಗ ಕೊಡವಾ."

ಕೂತವಳು ಆ ಸೀರೆಯ ಸೆರಗು ಹೊರಳಿಸಿ ನೋಡಿದಳು. ಒಂದೂ ಗಂಟಿರಲಿಲ್ಲ.

ಜೂನ್ ಬಂದರೆ ಇಂಥ ಶಾಲೆಗಳು ಮತ್ತೆ ಬಾಗಿಲು ತೆರೆಯುತ್ತವೆ. ನಿಮ್ಮ ಹುಡುಗಿಯನ್ನು ಸೇರಿಸಲು ಹೋದಾಗ ಫೀಸು ಜೇಬಿನಲ್ಲೇ ಇರಲಿ. ಬಟ್ಟೆ ಇದೆಯಾ, ಕಲಿಸುವವಳಿಗೆ ಸಂಬಳ ಕೊಟ್ಟಿದ್ದೀರಾ ಅಂತ ಮೊದಲು ಕೇಳಿ. ಉತ್ತರ ಸಿಗುವ ತನಕ ಆ ಕೌಂಟರಿನಿಂದ ಕದಲಬೇಡಿ.