ಅರವತ್ತಾರೋ ನೂರಹದಿನಾಲ್ಕೋ

ಕಲ್ಲು ಕೊಯ್ಯುವ ಆ ಅಂಗಡಿಯಲ್ಲಿ ಇದ್ದದ್ದು ಒಂದೇ ಕುರ್ಚಿ. ಕೊಯ್ಯುವವರು, ಉಜ್ಜುವವರು ನಿಂತೇ ಕೆಲಸ ಮಾಡಬೇಕು. ಲೆಕ್ಕ ಹಾಕಿ ಕಲ್ಲಿನ ಮೇಲೆ ಗೆರೆ ಎಲ್ಲಿ ಬರಬೇಕೆಂದು ಹೇಳುವವರು ಮಾತ್ರ ಕೂರಬಹುದಿತ್ತು. ಮಾವ ಬದುಕಿರುವ ತನಕ ಅಲ್ಲಿ ಕೂತವರು ಮಾವ. ಅವರು ತೀರಿಕೊಂಡ ಮೇಲೆ ಹಿರಿಯ ಮಗ ಕೂರುತ್ತಾನೆಂದು ಎಲ್ಲರೂ ಅಂದುಕೊಂಡಿದ್ದರು. ಎಲ್ಲರಿಗಿಂತ ಮೊದಲು ಅವನೇ ಅಂದುಕೊಂಡಿದ್ದ. ಆದರೆ ಅಂಗಡಿ ಅತ್ತೆಯ ಹೆಸರಿನಲ್ಲಿತ್ತು. ಅತ್ತೆ ಕಿರಿಯ ಸೊಸೆಯನ್ನು ಕರೆದು ಕೂರಿಸಿದರು.

ಅವಳು ಮದುವೆಗೆ ಮುಂಚೆ ಟ್ಯೂಷನ್ ಕೇಂದ್ರವೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಅವಳ ಭಾವನಾದ ಹಿರಿಯ ಮಗನ ಕೈ ಟೇಪು ಹಿಡಿಯುವುದರಲ್ಲಿ ಗಟ್ಟಿ, ಕೋನದ ಲೆಕ್ಕಕ್ಕೆ ಬಂದರೆ ಕಣ್ಣಂದಾಜು. ಕಣ್ಣಂದಾಜಿನಲ್ಲಿ ಎಷ್ಟು ಕಲ್ಲು ಹಾಳಾಗಿತ್ತೆಂಬುದು ಅತ್ತೆಗೆ ಗೊತ್ತಿತ್ತು. ಅಂದಿನಿಂದ ಅವನ ಬಾಯಲ್ಲಿ ಅವಳು ‘ಲೆಕ್ಕದಮ್ಮ’. “ಲೆಕ್ಕದಮ್ಮನೋರೇ, ಬಿಸಿಲು ಎಷ್ಟು ಡಿಗ್ರಿಗೆ ಬೀಳ್ತಿದೆ ಹೇಳಿ, ಟೋಪಿ ತಿರುಗಿಸ್ಕೋತೀನಿ” ಅನ್ನುವನು. ಅವಳು ಬರುವ ಹೊತ್ತಿಗೆ ಸರಿಯಾಗಿ ಕುರ್ಚಿಯ ಮೇಲೆ ನೀರಿಳಿಯುವ ಗೋಣಿಚೀಲ ಹರವಿರುತ್ತಿತ್ತು. ಅವಳೂ ಬಾಯಿಲ್ಲದವಳಲ್ಲ. ಗೋಣಿಯನ್ನು ಎತ್ತಿ ಅವನ ಊಟದ ಡಬ್ಬಿಯ ಮೇಲೆ ಹಾಕಿ ಕೂರುತ್ತಿದ್ದಳು. ಅವಳ ಗಂಡ ಮೂಲೆಯಲ್ಲಿ ಕಲ್ಲಿನ ಅಂಚು ಉಜ್ಜುತ್ತ, ಯಂತ್ರದ ಸದ್ದಿಗೆ ಏನೂ ಕೇಳಿಸುವುದಿಲ್ಲವೆಂಬಂತೆ ಮುಖ ಮಾಡಿಕೊಂಡಿರುತ್ತಿದ್ದ. ಯಂತ್ರ ನಿಂತಾಗಲೂ ಅವನ ಮುಖ ಹಾಗೇ ಇರುತ್ತಿತ್ತು.

ಅಡುಗೆಮನೆಯ ಕಟ್ಟೆಗೆ ಕಲ್ಲು ಹಾಸಬೇಕಾದರೆ ಗೋಡೆಗಳು ಕೂಡುವ ಮೂಲೆ ಎಷ್ಟು ತೆರೆದಿದೆ ಎಂದು ತಿಳಿಯಬೇಕು. ಮೂಲೆಯಲ್ಲಿ ಗಾರೆ ಉಬ್ಬಿರುವುದರಿಂದ ಅಲ್ಲಿ ಕೋನ ಹಿಡಿಯುವುದನ್ನು ಮಾವ ನಂಬುತ್ತಿರಲಿಲ್ಲ. ಉದ್ದನೆಯ ಗೋಡೆಯಿಂದ ತೊಂಬತ್ತು ಸೆಂಟಿಮೀಟರ್ ದೂರದಲ್ಲಿ, ಗೋಡೆಗೆ ಸಮಾನಾಂತರವಾಗಿ, ನೆಲದ ಮೇಲೆ ಸುಣ್ಣದ ದಾರ ಬಡಿದು ಗೆರೆ ಹಾಕುವರು. ಆ ಗೆರೆ ಎರಡನೆಯ ಗೋಡೆಯನ್ನು ಮುಟ್ಟುವ ಜಾಗಕ್ಕೆ ಮೂಲೆಯಿಂದ ಎಷ್ಟು ದೂರ ಎಂದು ಅಳೆದು, ತೊಂಬತ್ತನ್ನು ಅದರಿಂದ ಭಾಗಿಸಿದರೆ ಕೋನದ ಸೈನ್ ಸಿಗುತ್ತದೆ. ಕ್ಯಾಲ್ಕುಲೇಟರಿನಲ್ಲಿ ಸೈನ್ ವಿಲೋಮದ ಗುಂಡಿ ಒತ್ತಿದರೆ ಕೋನ. ಇದು ಆ ಮನೆಯ ಪದ್ಧತಿ. ಅಳತೆ ತಂದವನು ಸಂಖ್ಯೆಯ ಜೊತೆ ಇನ್ನೊಂದು ಮಾತನ್ನೂ ಹೇಳಬೇಕಿತ್ತು, ಮೂಲೆ ಲಂಬಕೋನಕ್ಕಿಂತ ಇಕ್ಕಟ್ಟೋ ಅಗಲವೋ ಎಂದು.

ಅವಳಿಗೆ ಮಾತ್ರ ಗಿರಾಕಿಗಳ ಮನೆಗೆ ಹೋಗುವಂತಿರಲಿಲ್ಲ. “ಮನೆ ಹೆಂಗಸು ಟೇಪು ಹಿಡ್ಕೊಂಡು ಬೀದಿ ಅಲೆದ್ರೆ ಅಂಗಡಿ ಮರ್ಯಾದೆ ಏನಾಗ್ಬೇಕು?” ಎಂದು ಭಾವ ತಡೆದಿದ್ದ.

ಆ ವಾರ ಇಬ್ಬರಿಗೂ ಮಾತು ನಿಂತಿತ್ತು. ಯಾವುದೋ ಕಿಟಕಿಯ ಕಲ್ಲಿನ ವಿಷಯಕ್ಕೆ ಶುರುವಾದ ಜಗಳ ಅವಳ ತವರಿನ ತನಕ ಹೋಗಿತ್ತು. ಅವನು ಒಂದು ಅಡುಗೆಮನೆಯ ಮೂಲೆ ಅಳೆದು ಬಂದು “ತೊಂಬತ್ತೆಂಟೂವರೆ” ಎಂದು ಗೋಡೆಗೆ ಹೇಳಿ ಹೋದ. ಅವಳು ತಲೆ ಎತ್ತಲಿಲ್ಲ. ಇಕ್ಕಟ್ಟೋ ಅಗಲವೋ ಎಂದು ಕೇಳಲು ನಾಲಿಗೆಯ ತುದಿಗೆ ಬಂದಿತ್ತು. ಕೇಳಿದರೆ ‘ಅದೂ ಗೊತ್ತಿಲ್ವಾ ಲೆಕ್ಕದಮ್ಮನಿಗೆ’ ಎಂಬ ಮಾತು ತಪ್ಪಿದ್ದಲ್ಲ ಎಂದು ನುಂಗಿಕೊಂಡಳು. ಕ್ಯಾಲ್ಕುಲೇಟರ್ ಅರವತ್ತಾರು ಎಂದಿತು. ಹಸಿರು ಕಲ್ಲು, ಗಿರಾಕಿ ತಿಂಗಳುಗಟ್ಟಲೆ ಕಾದು ತರಿಸಿದ್ದು, ಅದರ ಜೋಡಿ ಇನ್ನೊಂದಿಲ್ಲ. ಅವಳು ಅರವತ್ತಾರಕ್ಕೆ ಗೆರೆ ಎಳೆದಳು. ಕೊಯ್ಯುವವನು ಕೊಯ್ದ.

ಮರುದಿನ ಮಧ್ಯಾಹ್ನ ಕಲ್ಲು ಹೋದ ಗಾಡಿಯಲ್ಲೇ ಹಿಂದೆ ಬಂತು.

“ಅಮ್ಮಾ, ಬಾ ಇಲ್ಲಿ, ನಿನ್ನ ಸೊಸೆ ಕೈಚಳಕ ನೋಡು!” ಭಾವನ ದನಿ ಬೀದಿಗೆಲ್ಲ ಕೇಳಿಸಿತು. “ಕಲ್ಲಿಗೂ ಗೋಡೆಗೂ ನಡುವೆ ಬೆಕ್ಕು ಮರಿ ಹಾಕ್ಬಹುದು, ಅಷ್ಟು ಸಂದು! ಗಿರಾಕಿ ಮುಂದೆ ನನ್ನ ಮಾನ ಹರಾಜಾಯ್ತು.”

ಅವನ ಹೆಂಡತಿ ಬಾಗಿಲಿಗೆ ಬಂದು, “ನಾನು ಆವತ್ತೇ ಹೇಳಿದ್ದೆ, ಪುಸ್ತಕ ಓದಿದೋರಿಗೆ ಕಲ್ಲು ಬಗ್ಗಲ್ಲ ಅಂತ” ಎಂದಳು. “ನೀನು ಯಾವಾಗ ಹೇಳಿದ್ದೆ?” ಎಂದು ಅತ್ತೆ ಕೇಳಿದರು.

ಕಿರಿಯ ಸೊಸೆ ಕಲ್ಲಿನ ಮುಂದೆ ನಿಂತಳು. ನೋಡಿದೊಡನೆ ತಿಳಿಯಿತು. ನೂರೆಂಬತ್ತರಲ್ಲಿ ಅರವತ್ತಾರು ಕಳೆದರೆ ನೂರಹದಿನಾಲ್ಕು. ಎರಡಕ್ಕೂ ಸೈನ್ ಒಂದೇ. ಇದನ್ನೇ ಅವಳು ಮಕ್ಕಳಿಗೆ ವರ್ಷಗಟ್ಟಲೆ ಹೇಳಿದ್ದಳು. ಮಗುವನ್ನು ಹಿಡಿದು ತಾಯಿ ಯಾರೆಂದರೆ ಒಬ್ಬಳೇ, ಅನುಮಾನವಿಲ್ಲ, ಅದು ಫಂಕ್ಷನ್. ತಾಯಿಯನ್ನು ಹಿಡಿದು ಮಗು ಯಾವುದೆಂದರೆ ಇಬ್ಬರು ಮೂವರು ಎದ್ದು ನಿಲ್ಲುತ್ತಾರೆ, ಅದು ಬರೀ ಸಂಬಂಧ. ಸೈನ್‌ನಿಂದ ಕೋನಕ್ಕೆ ಹಿಂತಿರುಗುವ ದಾರಿಯೂ ಹಾಗೆಯೇ. ಅದನ್ನು ಫಂಕ್ಷನ್ ಮಾಡಬೇಕೆಂದರೆ ಲಂಬಕೋನ ದಾಟಿದವರನ್ನೆಲ್ಲ ಹೊರಗಿಟ್ಟು ಬಾಗಿಲು ಹಾಕಬೇಕು. ಕ್ಯಾಲ್ಕುಲೇಟರ್ ಆ ಬಾಗಿಲು ಹಾಕಿಕೊಂಡೇ ಉತ್ತರ ಕೊಡುತ್ತದೆ. ಹೊರಗೆ ಯಾರಾದರೂ ನಿಂತಿದ್ದಾರೆಯೇ ಎಂದು ನೋಡುವುದು ಮನುಷ್ಯರ ಕೆಲಸ.

“ತಪ್ಪು ನಂದು ಅತ್ತೆ” ಎಂದಳು. “ಅಗಲ ಮೂಲೆನಾ ಅಂತ ಕೇಳ್ಬೇಕಿತ್ತು. ಕೇಳ್ಲಿಲ್ಲ.”

“ಬಾಯ್ಬಿಟ್ಟು ಒಪ್ಕೊಂಡ್ಳು, ಕೇಳಿಸ್ಕೊಂಡ್ಯಾ?” ಭಾವನಿಗೆ ಹುರುಪು ಬಂತು. “ಅಮ್ಮ, ಇನ್ನು ಆ ಕುರ್ಚಿ ವಿಷಯ ಇವತ್ತೇ ತೀರ್ಮಾನ ಆಗ್ಲಿ. ಇವಳು ಮನೇಲಿರ್ಲಿ. ಈಗ ನನ್ನೇ ನೋಡು, ಲೆಕ್ಕ ಗಿಕ್ಕ ಬೇಡ, ಆ ಅಡುಗೆಮನೆಗೆ ಕಾಲಿಟ್ಟ ಕೂಡ್ಲೇ ಗೊತ್ತಾಯ್ತು ಇದು ಅಗಲ ಮೂಲೆ ಅಂತ. ನಿನ್ನೆ ಇವಳು ಗೆರೆ ಎಳೀತಿರೋದು ನೋಡ್ದಾಗ್ಲೇ ಅಂದ್ಕೊಂಡೆ, ಹೋಯ್ತು ಕಲ್ಲು ಅಂತ!”

ಉಜ್ಜುವ ಯಂತ್ರ ನಿಂತಿತು. ಅವಳ ಗಂಡ ಮೊದಲ ಬಾರಿ ಅಣ್ಣನ ಕಡೆ ತಿರುಗಿ ನೋಡಿದ.

ಅತ್ತೆ ಮೆಲ್ಲಗೆ ಕೇಳಿದರು: “ಗೆರೆ ಎಳೆಯೋದನ್ನ ನೋಡ್ದ್ಯಾ?”

“ನೋಡ್ದೆ, ಅಂದ್ರೆ... ಹಾಗೆ ಹೋಗ್ತಾ ಕಣ್ಣಿಗೆ ಬಿತ್ತು.”

“ಕೊಯ್ಯೋವಾಗ ಎಲ್ಲಿದ್ದೆ?”

“ಇಲ್ಲೇ ಇದ್ದೆ.”

“ನೀನು ಇಲ್ಲೇ ನಿಂತ್ಕೊಂಡು ನೋಡ್ತಿದ್ದೆ, ಬಾಯಿ ಬಿಡ್ಲಿಲ್ಲ.”

“ನಾನ್ಯಾಕೆ ಹೇಳ್ಬೇಕು? ದೊಡ್ಡ ಲೆಕ್ಕದಮ್ಮ ಅಲ್ವಾ ಅವಳು!”

“ಅವಳಿಗೆ ಗೊತ್ತಿಲ್ದೆ ಕಲ್ಲು ಹಾಳಾಯ್ತು. ನೀನು ಗೊತ್ತಿದ್ದೂ ಹಾಳು ಮಾಡಿಸ್ದೆ. ನಿಮ್ಮಪ್ಪ ನಡೆಸಿದ ಅಂಗಡಿ ಅಲ್ವೇನೋ ಇದು?” ದೇವರು ಅತ್ತೆಗೆ ಸಿಟ್ಟನ್ನು ತಡವಾಗಿ ಕೊಟ್ಟಿದ್ದ, ಆದರೆ ಕೊಟ್ಟಾಗ ಕಡಿಮೆ ಕೊಟ್ಟಿರಲಿಲ್ಲ. ಸೊಸೆಯ ಕಡೆಗೂ ತಿರುಗಿದರು: “ನೀನೂ ಏನು ಕಡಿಮೆ ಇಲ್ಲ. ಒಂದು ಮಾತು ಕೇಳಿದ್ರೆ ಬಾಯಿ ಸವೀತಿತ್ತಾ? ಕುರ್ಚಿ ಬಿಟ್ಟು ಏಳ್ಬೇಡ. ಆದ್ರೆ ಇನ್ಮೇಲೆ ಅಳತೆಗೆ ನೀನೂ ಹೋಗ್ಬೇಕು. ಟೇಪಿನ ಆ ತುದಿ ಅವನು, ಈ ತುದಿ ನೀನು.”

“ಇವಳ ಜೊತೆ ನಾನು ಹೋಗಲ್ಲ.”

“ಹಾಗಾದ್ರೆ ಅಂಗಡಿ ಬೀಗದಕೈ ಇಲ್ಲಿಟ್ಟು ಹೋಗು.”

ಅವನು ಬೀಗದಕೈ ಇರುವ ಜೇಬಿನ ಮೇಲೆ ಕೈಯಿಟ್ಟುಕೊಂಡ. ತೆಗೆಯಲಿಲ್ಲ.

ಮಾರನೆಯ ಬೆಳಿಗ್ಗೆ ಅದೇ ಅಡುಗೆಮನೆ. ಹಸಿರು ಹೋಗಿ ಬೂದು ಕಲ್ಲಿಗೆ ಒಪ್ಪಿಕೊಳ್ಳಬೇಕಾಗಿ ಬಂದ ಮನೆಯೊಡತಿ ಬಾಗಿಲಲ್ಲೇ ನಿಂತು ಇಬ್ಬರನ್ನೂ ದುರುದುರು ನೋಡುತ್ತಿದ್ದಳು. ನೀರು ಬೇಕೇ ಎಂದು ಕೂಡ ಕೇಳಲಿಲ್ಲ. ಭಾವ ದಾರ ಬಡಿದ. ಅವಳು ನೆಲಕ್ಕೆ ಬಗ್ಗಿ ಮೂಲೆಗೆ ಟೇಪಿನ ತುದಿ ಒತ್ತಿ ಹಿಡಿದು, ಗೋಡೆ ಹೊರಕ್ಕೆ ಓರೆಯಾಗಿ ಹೋಗುವುದನ್ನು ಮೊದಲ ಸಲ ತನ್ನ ಕಣ್ಣಿನಿಂದ ನೋಡಿದಳು. ಕುರುಡರಿಗೂ ಕಾಣುವಷ್ಟು ಅಗಲವಾಗಿತ್ತು.

“ತೊಂಬತ್ತೆಂಟೂವರೆ” ಎಂದ ಅವನು, ಉಗಿದ ಹಾಗೆ.

“ಇನ್ನೊಂದ್ಸಲ ಹೇಳಿ.”

“ಕಿವಿ ಕೇಳಲ್ವಾ?”

“ಕೇಳುತ್ತೆ. ಪೂರ್ತಿ ಹೇಳಿ.”

ಅವನು ಟೇಪನ್ನು ಬಿಟ್ಟ ರಭಸಕ್ಕೆ ಅದು ಸರ್ರನೆ ಬಂದು ಅವಳ ಬೆರಳಿಗೆ ಬಡಿಯಿತು. ಅವಳು ಕೈ ಹಿಂದೆಗೆದುಕೊಳ್ಳಲಿಲ್ಲ. ಎದ್ದೂ ನಿಲ್ಲಲಿಲ್ಲ. ಮನೆಯೊಡತಿ ಕೆಮ್ಮಿದಳು.

“ತೊಂಬತ್ತೆಂಟೂವರೆ” ಎಂದ ಅವನು ಕಿಟಕಿಯ ಕಡೆ ನೋಡುತ್ತ. “ಅಗಲ.”

ಅವಳು ಬರೆದುಕೊಂಡಳು.